ಪರಾಗ ಬಿದ್ದರೆ ಸಾಲದು, ಮೊಳೆಯಬೇಕು: ಸಿಹಿಗುಂಬಳದಲ್ಲಿ ಬೀಜ ಕಟ್ಟಿಸುವ ಬಗೆ

ಸಿಹಿಗುಂಬಳದ ಬಳ್ಳಿ ಹಬ್ಬಿಸಿದವರಿಗೆ ಈ ಸಂಕಟ ಗೊತ್ತು. ಬಳ್ಳಿ ಸೊಂಪಾಗಿದೆ, ಹೂವಿಗೆ ಬರವಿಲ್ಲ, ಅಲ್ಲಲ್ಲಿ ಗೋಲಿಯ ಗಾತ್ರದ ಹೀಚೂ ಕಾಣಿಸಿಕೊಂಡಿದೆ. ಇನ್ನೇನು ಕಾಯಿ ಬಂತು ಎಂದುಕೊಳ್ಳುವಷ್ಟರಲ್ಲಿ ಹೀಚು ಹಳದಿಗೆ ತಿರುಗುತ್ತದೆ, ಮೆತ್ತಗಾಗುತ್ತದೆ, ಬೆರಳು ತಾಗಿದರೆ ತೊಟ್ಟು ಕಳಚಿ ಕೈಗೇ ಬರುತ್ತದೆ. ಆಗ ಹೆಚ್ಚಿನವರು ಗೊಬ್ಬರದ ಅಂಗಡಿಗೆ ಹೋಗಿ ಔಷಧಿ ಕೇಳುತ್ತಾರೆ. ತಂದ ಔಷಧಿಯನ್ನು ಬೆಳಗಿನ ತಂಪು ಹೊತ್ತಿನಲ್ಲಿ, ಸರಿಯಾಗಿ ಜೇನು ಬರುವ ವೇಳೆಗೆ, ಹೂವಿನ ಮೇಲೆಲ್ಲ ಸಿಂಪಡಿಸುತ್ತಾರೆ. ಜೇನೂ ದೂರವಾಗುತ್ತದೆ, ಹೀಚು ಉದುರುವುದು ಮತ್ತಷ್ಟು ಹೆಚ್ಚುತ್ತದೆ.

ಹೀಚು ಉದುರಲು ಹಣ್ಣುನೊಣ, ರೋಗ, ನೀರಿನ ಹೆಚ್ಚುಕಡಿಮೆ ಎಲ್ಲವೂ ಕಾರಣವಾಗಬಹುದು. ಆದರೆ ಮನೆಯ ಹಿತ್ತಲಿನಲ್ಲಿ, ಅದರಲ್ಲೂ ಪಟ್ಟಣದ ತಾರಸಿಯ ಮೇಲೆ, ಮೊದಲು ಅನುಮಾನಿಸಬೇಕಾದದ್ದು ಪರಾಗವನ್ನು. ಪರಾಗವನ್ನು ನಾವು ಹಳದಿ ಧೂಳು ಎಂದುಕೊಂಡಿದ್ದೇವೆ. ಅದು ಧೂಳಲ್ಲ, ಜೀವವಿರುವ ಕಾಳು. ರಾಗಿ ಮಣ್ಣಿನಲ್ಲಿ ಮೊಳೆಯುವಂತೆ ಅದು ಹೆಣ್ಣು ಹೂವಿನ ತುದಿಯಲ್ಲಿ ಮೊಳೆಯಬೇಕು, ಬೇರಿನಂಥ ಒಂದು ನಾಳವನ್ನು ಒಳಕ್ಕೆ ಇಳಿಬಿಡಬೇಕು, ಆ ನಾಳ ಬೀಜವಾಗಲಿರುವ ಅಂಡಕದ ಬಾಗಿಲನ್ನು ಹುಡುಕಿಕೊಂಡು ಹೋಗಬೇಕು. ಹೊತ್ತು ಮೀರಿದ ಪರಾಗ, ಮಳೆಯಲ್ಲಿ ನೆನೆದ ಪರಾಗ, ಬಿಸಿಲಿಗೆ ಬೆಂದ ಪರಾಗ ಎಷ್ಟು ಬಿದ್ದರೂ ಹುರಿದ ಕಾಳು ಬಿತ್ತಿದ ಹಾಗೆ. ಇದೊಂದು ಮನಸ್ಸಿನಲ್ಲಿ ಕೂತರೆ ಮುಂದಿನ ಕೈಕೆಲಸದಲ್ಲಿ ತಪ್ಪುವುದು ಕಡಿಮೆ. ಹಾಗಾಗಿ ಪರಾಗ ಹಚ್ಚಲು ಹೊರಡುವ ಮೊದಲು, ಅದು ಮೊಳೆಯುವುದನ್ನು ಒಮ್ಮೆ ಕಣ್ಣಾರೆ ನೋಡಿಬಿಡಿ.

ಮೊದಲು ಮೊಳಕೆಯನ್ನು ನೋಡಿ

ಇದಕ್ಕೆ ಬೇಕಾದದ್ದು ಶಾಲೆಯ ಪ್ರಯೋಗಾಲಯದಲ್ಲಿರುವ ಸಾಧಾರಣ ಸೂಕ್ಷ್ಮದರ್ಶಕ. ಅದಿಲ್ಲವಾದರೆ ಕಾಗದ ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ಸಹ ಆಗುತ್ತದೆ. ಹೂವುಗಳಲ್ಲಿ ಗೌರಿ ಹೂವು, ಅಂದರೆ ಕರ್ಣಕುಂಡಲ, ಎಲ್ಲಕ್ಕಿಂತ ಒಳ್ಳೆಯದು. ನಿತ್ಯಪುಷ್ಪ, ಬಟಾಣಿ, ಕಡಲೆ ಹೂವುಗಳೂ ನಡೆಯುತ್ತವೆ. ಗೌರಿ ಹೂವಿನಲ್ಲಿ ಕೇಸರಗಳು, ಅಂದರೆ ಪರಾಗ ಹೊರುವ ಗಂಡು ಭಾಗಗಳು, ಹೂವಿನ ಬಾಯಲ್ಲೇ ಪುಟ್ಟ ಟೊಪ್ಪಿಗೆಯ ಹಾಗೆ ಒಂದಾಗಿ ಕೂಡಿಕೊಂಡಿರುವುದರಿಂದ ಪರಾಗ ತೆಗೆಯುವುದು ಸುಲಭ. ನಿತ್ಯಪುಷ್ಪದಲ್ಲಿ ಅವು ಕೊಳವೆಯ ಒಳಗೆ ಅಡಗಿರುತ್ತವೆ, ಉಗುರಿನಿಂದ ಕೊಳವೆಯನ್ನು ಸೀಳಬೇಕು.

ಕುದಿಸಿ ಆರಿಸಿದ ನೀರಿನಲ್ಲಿ ಹತ್ತು ಗ್ರಾಂ ಸಕ್ಕರೆ ಕರಗಿಸಿ, ಒಟ್ಟು 100 ಮಿಲಿಲೀಟರ್ ಮಾಡಿಕೊಳ್ಳಿ. ಗಾಜಿನ ಪಟ್ಟಿಯ ಮೇಲೆ ಇದರ ಒಂದು ಹನಿ ಇಡಿ. ಅದೇ ಬೆಳಗ್ಗೆ ಅರಳಿದ ಹೂವಿನ ಪರಾಗವನ್ನು ಹನಿಯ ಮೇಲೆ ತಟ್ಟಿ. ಹನಿ ಒಣಗಬಾರದು. ಊಟದ ಡಬ್ಬಿಯೊಂದರಲ್ಲಿ ಒದ್ದೆ ಬಟ್ಟೆ ಹಾಸಿ, ಗಾಜನ್ನು ಎರಡು ಬೆಂಕಿಕಡ್ಡಿಗಳ ಮೇಲಿಟ್ಟು ಮುಚ್ಚಳ ಮುಚ್ಚಿದರೆ ಸಾಕು. ಹದಿನೈದರಿಂದ ಮೂವತ್ತು ನಿಮಿಷ ಬಿಟ್ಟು ಕಡಿಮೆ ವರ್ಧನೆಯಲ್ಲಿ ನೋಡಿ.

ಮೊದಲು ಕಾಳುಗಳು ಉಬ್ಬಿಕೊಂಡಿರುವುದು ಕಾಣುತ್ತದೆ. ಆಮೇಲೆ ಒಂದೊಂದರ ಅಂಚಿನಿಂದ ಪಾರದರ್ಶಕವಾದ ಬೆರಳೊಂದು ಹೊರಬರುತ್ತದೆ. ಕಣ್ಣು ಕದಲಿಸದೆ ಐದು ನಿಮಿಷ ನೋಡಿದರೆ ಆ ಬೆರಳು ಉದ್ದವಾಗುತ್ತಿರುವುದೂ, ಅದರೊಳಗೆ ಸಣ್ಣ ಸಣ್ಣ ಕಣಗಳು ತುದಿಯ ಕಡೆಗೆ ಹರಿದು ಮತ್ತೆ ಹಿಂದಿರುಗುತ್ತಿರುವುದೂ ತಿಳಿಯುತ್ತದೆ. ಮೊದಲ ಸಲ ನೋಡಿದಾಗ ನನಗೆ ಎದೆ ಝಲ್ಲೆಂದಿತ್ತು. ಬೆಳಗ್ಗೆ ದೇವರ ಫೋಟೋಕ್ಕೆ ಏರಿಸಿದ ಹೂವಿನೊಳಗೆ ಇಷ್ಟೊಂದು ಓಡಾಟ ಇತ್ತೇ ಎನ್ನಿಸಿತ್ತು. ಇದೇ ಪರಾಗನಾಳ. 1824ರಲ್ಲಿ ಇಟಲಿಯ ಜಿಯೊವಾನ್ನಿ ಬಟಿಸ್ಟಾ ಅಮಿಚಿ ಎಂಬ ವಿಜ್ಞಾನಿ ಈ ನಾಳವನ್ನು ಮೊದಲು ಗುರುತಿಸಿದ್ದು ನಾವು ಸಾರಿಗೆ ಹಾಕುವ ಗೋಣಿಸೊಪ್ಪಿನ ಹೂವಿನಲ್ಲಿ.

ಇನ್ನೊಂದು ಗಾಜಿನ ಮೇಲೆ ಸಕ್ಕರೆಯಿಲ್ಲದ ಬರಿ ನೀರಿನ ಹನಿಯಿಟ್ಟು ಅದೇ ಪರಾಗ ಹಾಕಿ. ಅಲ್ಲಿ ಅನೇಕ ಕಾಳುಗಳು ನೀರನ್ನು ಮಿತಿಮೀರಿ ಹೀರಿ, ಉಬ್ಬಿ, ಒಡೆದು, ಒಳಗಿನದನ್ನೆಲ್ಲ ಚೆಲ್ಲಿಕೊಂಡಿರುತ್ತವೆ. ಹೂವಿನೊಳಗೆ ಮಳೆನೀರು ನಿಂತ ದಿನ ಕಾಯಿ ಏಕೆ ಕಚ್ಚುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ. ಹೆಣ್ಣು ಹೂವಿನ ತುದಿಯಲ್ಲಿರುವ ಅಂಟು ದ್ರವ ನೀರನ್ನು ಅಳತೆಯಲ್ಲಿ ಕೊಡುತ್ತದೆ. ಸಕ್ಕರೆ ನೀರು ಆ ಅಳತೆಯ ಒಂದು ನಕಲು.

ನಾಳ ಇನ್ನೂ ಚೆನ್ನಾಗಿ ಬೆಳೆಯಬೇಕಿದ್ದರೆ ಬೋರಿಕ್ ಆಮ್ಲ ಬೇಕು. ಅದರ ಅಳತೆ ಬಹಳ ಸಣ್ಣದು, ಚಿಟಿಕೆ ಹಾಕಿದರೂ ಹೆಚ್ಚಾಗುತ್ತದೆ. ಒಂದು ಲೀಟರ್ ನೀರಿನಲ್ಲಿ ಒಂದು ಗ್ರಾಂ ಕರಗಿಸಿ, ಅದರಿಂದ ಹತ್ತು ಮಿಲಿಲೀಟರ್ ತೆಗೆದು ಸಕ್ಕರೆ ನೀರಿಗೆ ಸೇರಿಸಿ ಒಟ್ಟು 100 ಮಿಲಿಲೀಟರ್ ಮಾಡಿ. ಬೋರಿಕ್ ಪುಡಿ ಹೊಟ್ಟೆಗೆ ಹೋದರೆ ವಿಷ, ಮಕ್ಕಳ ಕೈಗೆ ಸಿಗದಂತೆ ಇಡಿ. 1963ರಲ್ಲಿ ಬ್ರೂಬೇಕರ್ ಮತ್ತು ಕ್ವಾಕ್ ಎಂಬ ಇಬ್ಬರು ವಿಜ್ಞಾನಿಗಳು ಸಕ್ಕರೆ, ಬೋರಾನ್, ಕ್ಯಾಲ್ಸಿಯಂ ಮತ್ತಿತರ ಲವಣಗಳನ್ನು ಕೂಡಿಸಿ ಮಾಡಿದ ದ್ರಾವಣವನ್ನೇ ಪ್ರಯೋಗಾಲಯಗಳು ಇಂದಿಗೂ ಬಳಸುತ್ತವೆ. ಅವರು ಕಂಡುಕೊಂಡ ಇನ್ನೊಂದು ಸಂಗತಿ ನಮ್ಮ ಹಿತ್ತಲಿಗೂ ಬೇಕಾದದ್ದು. ಪರಾಗದ ಕಾಳುಗಳು ಗುಂಪಾಗಿ ಬಿದ್ದಲ್ಲಿ ಚೆನ್ನಾಗಿ ಮೊಳೆಯುತ್ತವೆ, ಒಂಟಿಯಾಗಿ ಬಿದ್ದವು ಸೊರಗುತ್ತವೆ. ಒಂದರಿಂದ ಹೊರಬರುವ ಕ್ಯಾಲ್ಸಿಯಂ ಪಕ್ಕದ್ದಕ್ಕೆ ನೆರವಾಗುತ್ತದೆ. ಪರಾಗ ಹಚ್ಚುವಾಗ ಜಿಪುಣತನ ಬೇಡ ಎನ್ನುವುದು ಇದಕ್ಕೇ.

ನಾಳ ಒಳಗಿಳಿದ ಮೇಲೆ

ಕೈಕೆಲಸಕ್ಕೆ ಹೋಗುವ ಮೊದಲು ಒಳಗೆ ನಡೆಯುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ಕೈ ತಲುಪದ ಕೆಲಸ ಅಲ್ಲೇ ನಡೆಯುವುದು.

ಹೆಣ್ಣು ಹೂವಿನ ನಡುವೆ ಎದ್ದು ನಿಂತಿರುವ ಅಂಟಂಟಾದ ತುದಿಗೆ ಶಲಾಕಾಗ್ರ ಎಂದು ಹೆಸರು. ಅದರ ಕೆಳಗಿನ ಕಂಬ ಶಲಾಕೆ. ಕಂಬದ ಬುಡದಲ್ಲಿ ಅಂಡಾಶಯ. ಸಿಹಿಗುಂಬಳದಲ್ಲಿ ಹೂವಿನ ಕೆಳಗೆ ಕಾಣುವ ಪುಟ್ಟ ಉರುಟು ಹೀಚೇ ಈ ಅಂಡಾಶಯ. ಅದರೊಳಗೆ ನೂರಾರು ಅಂಡಕಗಳು ಸಾಲಾಗಿ ಕಾದು ಕೂತಿರುತ್ತವೆ. ಒಂದೊಂದು ಅಂಡಕವೂ ಮುಂದೆ ಒಂದೊಂದು ಬೀಜ. ಒಂದು ಅಂಡಕಕ್ಕೆ ಒಂದು ಪರಾಗನಾಳ ಬೇಕು. ಅಂದರೆ ನೂರಾರು ಬೀಜ ಕಟ್ಟಬೇಕಾದರೆ ಕಡಿಮೆಯೆಂದರೂ ಅಷ್ಟೇ ಸಂಖ್ಯೆಯ ಪರಾಗದ ಕಾಳುಗಳು ಮೊಳೆತು ಕೆಳಗಿಳಿಯಬೇಕು.

ಈ ಲೆಕ್ಕ ಕಣ್ಣಿಗೆ ಕಾಣುವುದು ಮೆಕ್ಕೆಜೋಳದಲ್ಲಿ. ತೆನೆಯ ತುದಿಯಲ್ಲಿ ಜೋತಾಡುವ ರೇಷ್ಮೆಯಂಥ ಕೂದಲಿನ ಪ್ರತಿ ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು. ಎಳೆ ಒಂದು ಅಡಿಯಷ್ಟು ಉದ್ದವಿದ್ದರೂ ಪರಾಗನಾಳ ಅಷ್ಟು ದೂರವನ್ನು ಸುಮಾರು ಒಂದು ದಿನದಲ್ಲಿ ದಾಟುತ್ತದೆ. ಬೇಯಿಸಿದ ತೆನೆ ಬಿಡಿಸುವಾಗ ನಡುನಡುವೆ ಹಲ್ಲು ಉದುರಿದ ಹಾಗೆ ಖಾಲಿ ಜಾಗ ಸಿಕ್ಕರೆ, ಆ ಎಳೆಗೆ ಪರಾಗ ಬೀಳಲಿಲ್ಲ ಅಥವಾ ಬಿದ್ದದ್ದು ಮೊಳೆಯಲಿಲ್ಲ ಎಂದು ತಿಳಿಯಬಹುದು. ಸಿಹಿಗುಂಬಳದಲ್ಲಿ ಇದೇ ಕೊರತೆ ಕಾಯಿಯ ಆಕಾರದಲ್ಲಿ ಕಾಣುತ್ತದೆ. ಒಂದು ಕಡೆ ದುಂಡಗೆ, ಇನ್ನೊಂದು ಕಡೆ ಬತ್ತಿದಂತೆ ಸೊಟ್ಟಗಾದ ಕಾಯನ್ನು ಹೆಚ್ಚಿ ನೋಡಿ. ಬತ್ತಿದ ಬದಿಯಲ್ಲಿ ಜೊಳ್ಳು ಬೀಜಗಳೇ ಹೆಚ್ಚಾಗಿರುತ್ತವೆ.

ಪರಾಗನಾಳದೊಳಗೆ ಎರಡು ಗಂಡು ಕೋಶಗಳು ಸಾಗಿಬರುತ್ತವೆ. ಅವುಗಳಿಗೆ ಈಜಲು ಬಾರದು, ನಾಳವೇ ಅವುಗಳ ಪಲ್ಲಕ್ಕಿ. ಅಂಡಕದ ಬಾಗಿಲಲ್ಲಿ, ಅಂಡಕೋಶದ (ಅಂದರೆ ಹೆಣ್ಣು ಕೋಶದ) ಅಕ್ಕಪಕ್ಕ ಎರಡು ಸಹಾಯಕ ಕೋಶಗಳಿರುತ್ತವೆ. ನಾಳಕ್ಕೆ ದಾರಿ ತೋರಿಸುವ ರಾಸಾಯನಿಕವನ್ನು ಹೊರಡಿಸುವುದು ಇವೇ. ಜಪಾನಿನ ಟೆಟ್ಸುಯಾ ಹಿಗಾಶಿಯಾಮಾ ಅವರ ತಂಡ 2009ರಲ್ಲಿ ಈ ಕರೆಯ ಹಿಂದಿರುವ ಪುಟ್ಟ ಪ್ರೋಟೀನುಗಳನ್ನು ಗುರುತಿಸಿತು. ಅವರು ಬಳಸಿದ್ದು ನಮ್ಮ ನರ್ಸರಿಗಳಲ್ಲಿ ಕುಂಡದ ಗಿಡವಾಗಿ ಸಿಗುವ ಟೊರೇನಿಯಾವನ್ನು. ಆ ಗಿಡದಲ್ಲಿ ಅಂಡಕೋಶದ ಭಾಗ ಅಂಡಕದಿಂದ ಹೊರಕ್ಕೆ ಚಾಚಿಕೊಂಡಿರುವುದರಿಂದ ನೋಡುವುದು ಸುಲಭ.

ನಾಳ ಬಾಗಿಲು ದಾಟಿ ಒಡೆಯುತ್ತದೆ. ಒಂದು ಗಂಡು ಕೋಶ ಅಂಡಕೋಶದೊಡನೆ ಕೂಡುತ್ತದೆ, ಅದು ಭ್ರೂಣವಾಗುತ್ತದೆ. ಇನ್ನೊಂದು ನಡುವಿನ ದೊಡ್ಡ ಕೋಶದ ಎರಡು ಕೋಶಕೇಂದ್ರಗಳೊಡನೆ ಕೂಡಿ ಭ್ರೂಣಕ್ಕೆ ಬುತ್ತಿ ಕಟ್ಟುತ್ತದೆ. ಹೀಗೆ ಎರಡು ಕೂಟಗಳು ಒಟ್ಟೊಟ್ಟಿಗೆ ನಡೆಯುವುದನ್ನು 1898ರಲ್ಲಿ ರಷ್ಯಾದ ಸಸ್ಯವಿಜ್ಞಾನಿ ಸೆರ್ಗೇಯ್ ನವಾಶಿನ್ ಲಿಲ್ಲಿಯ ಜಾತಿಯ ಹೂಗಳಲ್ಲಿ ಕಂಡರು. ಈ ಬುತ್ತಿ ನಮಗೆ ಹೊಸದಲ್ಲ. ಎಳನೀರು ಎಂದು ಕುಡಿಯುವುದು ಅದನ್ನೇ. ಇನ್ನೂ ಗೋಡೆ ಕಟ್ಟಿಕೊಳ್ಳದ ಸಾವಿರಾರು ಕೋಶಕೇಂದ್ರಗಳು ತೇಲುವ ದ್ರವ ಅದು. ಗೋಡೆ ಕಟ್ಟಿಕೊಂಡು ಗಟ್ಟಿಯಾದದ್ದು ಗಂಜಿ, ಆಮೇಲೆ ಕೊಬ್ಬರಿ. ಅಕ್ಕಿ, ರಾಗಿ, ಗೋಧಿಯಲ್ಲಿ ನಾವು ಉಣ್ಣುವುದೂ ಹೆಚ್ಚಾಗಿ ಈ ಬುತ್ತಿಯನ್ನೇ. ಸಿಹಿಗುಂಬಳದಲ್ಲಿ ಮಾತ್ರ ಬೀಜ ಬಲಿಯುವಷ್ಟರಲ್ಲಿ ಭ್ರೂಣ ತನ್ನ ಬುತ್ತಿಯನ್ನು ಉಂಡು ಮುಗಿಸಿ, ಎರಡು ದಪ್ಪ ಬೇಳೆಗಳಲ್ಲಿ ತುಂಬಿಟ್ಟುಕೊಂಡಿರುತ್ತದೆ. ಸಿಪ್ಪೆ ಸುಲಿದರೆ ಸಿಗುವ ಹಸಿರು ಛಾಯೆಯ ತಿರುಳು ಆ ಬೇಳೆಗಳೇ.

ಫಲೀಕರಣವಾದ ಅಂಡಕಗಳಿಂದ ಹೊರಡುವ ಹಾರ್ಮೋನುಗಳೇ ಹೀಚಿಗೆ ಬೆಳೆಯಲು ಹೇಳುವುದು. ಆ ಸುದ್ದಿ ಬಾರದಿದ್ದರೆ ಬಳ್ಳಿ ಅದನ್ನು ಕೈಬಿಡುತ್ತದೆ. ಮೂರನೆಯ ದಿನ ಹೀಚು ಹಳದಿಯಾಗುವುದರ ಒಳಗುಟ್ಟು ಇಷ್ಟು.

ಹಿಂದಿನ ದಿನ ಸಂಜೆಯ ಕೆಲಸ

ಸಿಹಿಗುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ, ಎರಡೂ ಒಂದೇ ಬಳ್ಳಿಯಲ್ಲಿ. ಗಂಡು ಹೂವಿನ ತೊಟ್ಟು ಉದ್ದ, ಸಪೂರ. ಹೆಣ್ಣು ಹೂವಿನ ತೊಟ್ಟು ಗಿಡ್ಡ, ದಪ್ಪ, ಹೂವಿನ ಬುಡದಲ್ಲಿ ಹೀಚು ಇರುತ್ತದೆ. ಮೊದಲ ಒಂದೆರಡು ವಾರ ಗಂಡು ಹೂವುಗಳೇ ಬರುತ್ತವೆ. ಬರಿ ಹೂವು, ಕಾಯಿಯಿಲ್ಲ ಎಂದು ಬಳ್ಳಿ ಕಿತ್ತುಹಾಕಬೇಡಿ.

ಬೀಜಕ್ಕಾಗಿ ಪರಾಗ ಹಚ್ಚುವುದಾದರೆ ಕೆಲಸ ಹಿಂದಿನ ಸಂಜೆಯೇ ಶುರುವಾಗಬೇಕು. ನಾಳೆ ಅರಳುವ ಮೊಗ್ಗನ್ನು ಗುರುತಿಸುವುದು ಒಂದೆರಡು ದಿನದಲ್ಲಿ ರೂಢಿಯಾಗುತ್ತದೆ. ಹಸಿರು ಮೊಗ್ಗು ಹಾಗೆಯೇ ಇರುತ್ತದೆ, ನಾಳೆ ಅರಳುವ ಮೊಗ್ಗಿನ ತುದಿ ಹಳದಿಗೆ ತಿರುಗಿ ಉಬ್ಬಿರುತ್ತದೆ. ಅಂಥ ಒಂದು ಹೆಣ್ಣು ಮೊಗ್ಗು, ಎರಡು ಮೂರು ಗಂಡು ಮೊಗ್ಗು ಆರಿಸಿ, ಅವುಗಳ ತುದಿಯನ್ನು ಹೂವು ಕಟ್ಟುವ ದಾರದಿಂದ ಮೆತ್ತಗೆ ಕಟ್ಟಿ. ಬಟ್ಟೆ ಒಣಗಿಸುವ ಕ್ಲಿಪ್ ಹಾಕಿದರೂ ಆದೀತು, ಆದರೆ ದಾರದಷ್ಟು ಹಗುರವಲ್ಲ. ಉದ್ದೇಶ ಇಷ್ಟೇ: ನಾವು ಏಳುವ ಮೊದಲೇ ಜೇನು ಬಂದು ಪಕ್ಕದ ಮನೆಯ ಬಳ್ಳಿಯ ಪರಾಗವನ್ನು ಇಲ್ಲಿ ಸುರಿಯಬಾರದು. ಬೀಜೋತ್ಪಾದನೆ ಮಾಡುವವರು ಎರಡು ತಳಿಯ ಹೊಲಗಳ ನಡುವೆ ಅರ್ಧ ಕಿಲೋಮೀಟರಿನಿಂದ ಒಂದು ಕಿಲೋಮೀಟರಿನವರೆಗೆ ಅಂತರ ಬಿಡುತ್ತಾರೆ. ನಮಗೆ ಅಷ್ಟು ಜಾಗವಿಲ್ಲ, ದಾರವೇ ನಮ್ಮ ಬೇಲಿ. ಬರಿ ಅಡುಗೆಗೆ ಕಾಯಿ ಬೇಕೆನ್ನುವವರು ಈ ಕಟ್ಟುವ ಕೆಲಸವನ್ನು ಬಿಡಬಹುದು.

ಗಂಡು ಹೂವನ್ನು ಅದೇ ಬಳ್ಳಿಯಿಂದ ತೆಗೆದರೂ ಸಿಹಿಗುಂಬಳದಲ್ಲಿ ಬೀಜ ಕಟ್ಟುತ್ತದೆ. ಆದರೂ ಅದೇ ತಳಿಯ ಬೇರೆ ಬೇರೆ ಬಳ್ಳಿಗಳಿಂದ ತಂದರೆ ತಳಿ ವರ್ಷಗಳ ಕಾಲ ಗಟ್ಟಿಯಾಗಿ ಉಳಿಯುತ್ತದೆ. ನಾಲ್ಕಾರು ಬಳ್ಳಿ ಇದ್ದವರು ಹಾಗೆಯೇ ಮಾಡಬೇಕು.

ಬೆಳಗ್ಗೆ ಆರರಿಂದ ಎಂಟರೊಳಗೆ

ಸಿಹಿಗುಂಬಳದ ಹೂವು ನಸುಕಿನಲ್ಲಿ ಅರಳುತ್ತದೆ, ಬಿಸಿಲೇರುತ್ತಿದ್ದಂತೆ ಮುಚ್ಚಿಕೊಳ್ಳುತ್ತದೆ, ಮತ್ತೆ ಅರಳುವುದಿಲ್ಲ. ಅದರ ಪರಾಗದ ಆಯುಷ್ಯವೂ ಅಷ್ಟೇ. ಅರಳಿದ ಗಳಿಗೆಯಲ್ಲಿ ಹೆಚ್ಚುಕಡಿಮೆ ಎಲ್ಲ ಕಾಳುಗಳಲ್ಲೂ ಜೀವವಿರುತ್ತದೆ, ಮರುದಿನಕ್ಕೆ ಬಹುಪಾಲು ಸತ್ತಿರುತ್ತವೆ. ನಿನ್ನೆಯ ಗಂಡು ಹೂವನ್ನು ಫ್ರಿಜ್‌ನಲ್ಲಿಟ್ಟು ಇಂದು ಬಳಸುವ ಯೋಚನೆ ಬೇಡ. ಎಲ್ಲ ಪರಾಗವೂ ಒಂದೇ ಬಗೆಯದಲ್ಲ ಎನ್ನುವುದು ಬೇರೆ ಮಾತು. ಭತ್ತ, ಗೋಧಿಯ ಪರಾಗ ಅರ್ಧ ಗಂಟೆಯಲ್ಲಿ ಸತ್ತರೆ, ಗುಲಾಬಿ, ಅವರೆ, ಬದನೆಯ ಕುಟುಂಬಗಳ ಕೆಲವು ಗಿಡಗಳಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಂಥ ಕಡೆ ಪರಾಗವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕಾಪಿಡುವ ಕೆಲಸವೂ ನಡೆದಿದೆ.

ಬೆಳಗ್ಗೆ ಹೋಗಿ ಮೊದಲು ಗಂಡು ಹೂವನ್ನು ತೊಟ್ಟಿನ ಸಮೇತ ಕೊಯ್ದುಕೊಳ್ಳಿ. ದಾರ ಬಿಚ್ಚಿ, ಎಸಳುಗಳನ್ನು ಹಿಂದಕ್ಕೆ ಮಡಚಿ ಹರಿದುಹಾಕಿ. ಈಗ ಕೈಯಲ್ಲಿ ಉಳಿಯುವುದು ತೊಟ್ಟು ಮತ್ತು ಅದರ ತುದಿಯಲ್ಲಿ ಕಿರುಬೆರಳಿನ ಮೇಲ್ಗೆಣ್ಣಿನಷ್ಟಿರುವ ಒಂದು ದಿಂಡು. ಕೇಸರಗಳೆಲ್ಲ ಹೆಣೆದುಕೊಂಡು ಆದ ದಿಂಡು ಅದು. ಅದನ್ನು ಉಗುರಿನ ಮೇಲೆ ಒಮ್ಮೆ ಒತ್ತಿ. ಕಿತ್ತಳೆ ಬಣ್ಣದ, ಬರಿಗಣ್ಣಿಗೇ ಬಿಡಿಬಿಡಿಯಾಗಿ ಕಾಣುವ ಅಂಟು ಪುಡಿ ಮೆತ್ತಿಕೊಂಡರೆ ಪರಾಗ ಸಿದ್ಧವಿದೆ ಎಂದರ್ಥ. ಸಿಹಿಗುಂಬಳದ ಪರಾಗದಷ್ಟು ದೊಡ್ಡ ಪರಾಗ ಇರುವ ಗಿಡಗಳು ಕಡಿಮೆ. ಮುಳ್ಳುಮುಳ್ಳಾದ ಈ ಕಾಳು ಗಾಳಿಗೆ ಹಾರುವಂಥದ್ದಲ್ಲ, ಜೇನಿನ ಮೈಗೆ ಅಂಟಿಕೊಂಡು ಹೋಗುವಂಥದ್ದು. ಏನೂ ಅಂಟದಿದ್ದರೆ ಇನ್ನರ್ಧ ಗಂಟೆ ಕಾಯಿರಿ, ತಂಪಿನ ದಿನಗಳಲ್ಲಿ ಪರಾಗಕೋಶ ತಡವಾಗಿ ಬಿರಿಯುತ್ತದೆ.

ಇನ್ನು ಹೆಣ್ಣು ಹೂವಿನ ದಾರ ಬಿಚ್ಚಿ. ಎಸಳು ಹರಿಯಬಾರದು, ಆಮೇಲೆ ಮತ್ತೆ ಮುಚ್ಚಬೇಕಿದೆ. ಒಳಗೆ ಮೂರು ಜೋಡಿ ಹಾಲೆಗಳಿರುವ ಶಲಾಕಾಗ್ರ ಹೊಳೆಯುತ್ತಿರುತ್ತದೆ. ಗಂಡು ದಿಂಡನ್ನು ಕುಂಚದ ಹಾಗೆ ಹಿಡಿದು ಮೂರೂ ಜೋಡಿ ಹಾಲೆಗಳ ಮೇಲೆ ಸುತ್ತಲೂ ಸವರಿ. ಉಜ್ಜುವುದಲ್ಲ, ಹಣೆಗೆ ಕುಂಕುಮ ಇಡುವಷ್ಟು ಒತ್ತಡ ಸಾಕು. ಒಂದು ಹಾಲೆಗೆ ಹಚ್ಚಿ ಬಿಟ್ಟರೆ ಸೊಟ್ಟ ಕಾಯಿ ಬರುವ ಸಾಧ್ಯತೆ ಹೆಚ್ಚು. ಎರಡನೆಯ, ಮೂರನೆಯ ಗಂಡು ಹೂವಿನಿಂದಲೂ ಹೀಗೆಯೇ ಸವರಿ. ಹಾಲೆಗಳ ಮೇಲೆ ಹಳದಿ ಹಿಟ್ಟು ಉದುರಿಸಿದ ಹಾಗೆ ಕಂಡರೆ ಸಾಕು.

ಎಸಳುಗಳನ್ನು ಮತ್ತೆ ಕೂಡಿಸಿ ದಾರ ಕಟ್ಟಿ. ಈ ಕಟ್ಟು ಹೂವು ತಾನಾಗಿ ಬಾಡಿ ಉದುರುವವರೆಗೂ ಇರಲಿ. ತೊಟ್ಟಿಗೆ ಬಣ್ಣದ ಉಲ್ಲನ್ ನೂಲು ಕಟ್ಟಿ, ದಿನಾಂಕ ಬರೆದ ಚೀಟಿ ಸೇರಿಸಿ. ಎರಡು ತಿಂಗಳ ನಂತರ ಎಲೆಗಳ ನಡುವೆ ಯಾವ ಕಾಯಿ ಬೀಜದ್ದು, ಯಾವುದು ಸಾಂಬಾರಿನದ್ದು ಎಂದು ಹುಡುಕುವಾಗ ಈ ನೂಲೇ ದಿಕ್ಕು. ನಮ್ಮ ಮನೆಯಲ್ಲಿ ಒಮ್ಮೆ ನೂಲು ಕಟ್ಟದೆ ಬಿಟ್ಟ ಕಾಯಿಯನ್ನು ಹಬ್ಬದ ದಿನ ಹೆಚ್ಚಿಬಿಟ್ಟಿದ್ದರು. ಬೀಜ ಇನ್ನೂ ಹಾಲುಹಾಲಾಗಿತ್ತು. ಆ ತಳಿಗೆ ಮತ್ತೊಂದು ವರ್ಷ ಕಾಯಬೇಕಾಯಿತು.

ಮಳೆ ಬರುವಂತಿದ್ದರೆ ಹೂವಿನ ಮೇಲೆ ಕಾಗದದ ಲಕೋಟೆ ಕವುಚಿ, ಪ್ಲಾಸ್ಟಿಕ್ ಬೇಡ, ಒಳಗೆ ಬೆವರುತ್ತದೆ. ಆ ದಿನ ಯಾವ ಸಿಂಪಡಣೆಯೂ ಬೇಡ. ಎಂದಿಗೂ ಬೆಳಗಿನ ಹೊತ್ತು ಬೇಡ.

ಐದಾರು ದಿನದಲ್ಲಿ ಹೀಚು ಹೊಳಪು ಬಂದು ಉಬ್ಬತೊಡಗಿದರೆ, ತೊಟ್ಟು ಬಾಗತೊಡಗಿದರೆ ಕಾಯಿ ಕಚ್ಚಿದೆ. ಬಳ್ಳಿಗೆ ಒಂದೆರಡು ಬೀಜದ ಕಾಯಿ ಸಾಕು. ಮೊದಲೇ ಕಚ್ಚಿದ ಬೇರೆ ಕಾಯಿಗಳಿದ್ದರೆ ಎಳೆಯದರಲ್ಲೇ ಕೊಯ್ದು ಪಲ್ಯ ಮಾಡಿಬಿಡಿ. ಬಳ್ಳಿಯ ಮೇಲೆ ಹೊರೆ ಇದ್ದಾಗ ಹೊಸ ಹೀಚನ್ನು ಅದು ಉಳಿಸಿಕೊಳ್ಳುವುದಿಲ್ಲ. ಎಷ್ಟೇ ಚೆನ್ನಾಗಿ ಪರಾಗ ಹಚ್ಚಿದರೂ ಕೆಲವು ಉದುರುತ್ತವೆ, ಅದಕ್ಕೆ ಎದೆಗುಂದಬೇಕಾಗಿಲ್ಲ.

ಎಲ್ಲ ಬಳ್ಳಿಗೂ ಒಂದೇ ಹೊತ್ತಲ್ಲ

ಇದನ್ನು ತಿಳಿಯದೆ ಎಷ್ಟೋ ಜನ ಹೀರೇ ಬಳ್ಳಿಯ ಮುಂದೆ ಬೆಳಗ್ಗೆ ನಿಂತು ನಿರಾಶರಾಗುತ್ತಾರೆ. ಏಣುಗಳಿರುವ ಹೀರೇಕಾಯಿಯ ಹೂವು ಅರಳುವುದು ಸಂಜೆ, ಐದು ಗಂಟೆಯ ನಂತರ. ಸೋರೆಯ ಬಿಳಿ ಹೂವೂ ಸಂಜೆಯದೇ. ಪಡವಲ ಕತ್ತಲಾಗುವ ಹೊತ್ತಿಗೆ ತನ್ನ ನೂಲುನೂಲಾದ ಅಂಚನ್ನು ಬಿಚ್ಚುತ್ತದೆ. ಈ ಬಿಳಿ ಹೂವುಗಳು ಕಾಯುವುದು ರಾತ್ರಿಯ ಪತಂಗಗಳನ್ನು. ಹಾಗಲ, ಸೌತೆ, ತುಪ್ಪದ ಹೀರೇಕಾಯಿ ಬೆಳಗಿನವು. ಒಟ್ಟಿನಲ್ಲಿ ಹೂವು ಅರಳಿದ ಒಂದೆರಡು ಗಂಟೆಯೊಳಗೆ ಕೈಕೆಲಸ ಮುಗಿಯಬೇಕು.

ಟೊಮೆಟೊ, ಬದನೆ, ಮೆಣಸಿನಕಾಯಿಯಲ್ಲಿ ಗಂಡು ಹೆಣ್ಣು ಒಂದೇ ಹೂವಿನಲ್ಲಿವೆ. ಅಲ್ಲಿ ಬೆಳಗ್ಗೆ ಹತ್ತರ ಸುಮಾರಿಗೆ ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸಾಕು. ಕಡುಬೇಸಿಗೆಯಲ್ಲಿ, ಹಗಲಿನ ಉಷ್ಣಾಂಶ 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದಿದ್ದರೆ, ಟೊಮೆಟೊ ಪರಾಗ ಸರಿಯಾಗಿ ಮೊಳೆಯುವುದಿಲ್ಲ. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿಯ ಕಡೆ ಟೊಮೆಟೊ ಹೂವು ಉದುರಿದರೆ ನೆರಳಿನ ಬಲೆಯೇ ಮದ್ದು, ತಟ್ಟುವುದಲ್ಲ. ರಾಣೆಬೆನ್ನೂರಿನ ಸುತ್ತ ಟೊಮೆಟೊ, ಮೆಣಸಿನ ಹೈಬ್ರಿಡ್ ಬೀಜ ಮಾಡುವ ಹೊಲಗಳಲ್ಲಿ ಹೆಣ್ಣುಮಕ್ಕಳು ಮೊಗ್ಗಿನಲ್ಲೇ ಕೇಸರ ಕಿತ್ತು, ಬೇರೆ ತಳಿಯ ಪರಾಗ ಮುಟ್ಟಿಸುತ್ತಾರೆ. ಅಲ್ಲಿ ಅದಕ್ಕೆ ಕ್ರಾಸಿಂಗ್ ಎಂದೇ ಹೆಸರು. ಕಿರುಬೆರಳಿನ ಉಗುರಿನಷ್ಟು ಹೂವಿನಲ್ಲಿ ಇಕ್ಕುಳ ಹಿಡಿದು ಅವರು ಮಾಡುವ ಕೆಲಸಕ್ಕೆ ಕಣ್ಣು, ಕೈ, ತಾಳ್ಮೆ ಮೂರೂ ಬೇಕು. ನಮ್ಮ ತರಕಾರಿ ಪೇಟೆ ಆ ಬೆರಳುಗಳ ಋಣದಲ್ಲಿದೆ.

ಮಲೆನಾಡಿನವರಿಗೆ ಈ ಕೈಕೆಲಸ ವೆನಿಲ್ಲಾದಿಂದ ಪರಿಚಿತ. ಆ ಹೂವಿನಲ್ಲಿ ಗಂಡು ಹೆಣ್ಣಿನ ನಡುವೆ ಒಂದು ಪೊರೆ ಅಡ್ಡವಾಗಿದೆ. ಕಡ್ಡಿಯಿಂದ ಅದನ್ನು ಮೇಲಕ್ಕೆತ್ತಿ ಹೆಬ್ಬೆರಳಿನಿಂದ ಪರಾಗವನ್ನು ಒತ್ತುವ ವಿಧಾನವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ. ಶಿರಸಿ, ಪುತ್ತೂರು, ಸುಳ್ಯದ ತೋಟಗಳಲ್ಲಿ ವೆನಿಲ್ಲಾಕ್ಕೆ ಬೆಲೆ ಏರಿದ್ದ ದಿನಗಳಲ್ಲಿ ಮನೆಮಂದಿಯೆಲ್ಲ ಬೆಳಗ್ಗೆ ಎದ್ದು ಮಾಡುತ್ತಿದ್ದದ್ದು ಆ ಹುಡುಗ ತೋರಿಸಿಕೊಟ್ಟ ಕೆಲಸವನ್ನೇ.

ಯಾರ ಪರಾಗ ಎನ್ನುವುದು ಯಾವಾಗ ಗೊತ್ತಾಗುತ್ತದೆ

ಬೂದುಗುಂಬಳದ ಪಕ್ಕ ಸಿಹಿಗುಂಬಳ ಹಾಕಿದರೆ ಕಾಯಿ ಸಪ್ಪೆಯಾಗುತ್ತದೆ ಎಂಬ ಮಾತಿದೆ. ಹಾಗಾಗುವುದಿಲ್ಲ. ಅವೆರಡೂ ಬೇರೆ ಬೇರೆ ಕುಲದ ಗಿಡಗಳು, ಒಂದರ ಪರಾಗ ಇನ್ನೊಂದಕ್ಕೆ ಒಗ್ಗುವುದಿಲ್ಲ. ಒಗ್ಗುವ ಎರಡು ಸಿಹಿಗುಂಬಳ ತಳಿಗಳು ಬೆರೆತರೂ ಈ ವರ್ಷದ ಕಾಯಿಯ ತಿರುಳು ತಾಯಿಬಳ್ಳಿಯದೇ, ರುಚಿ ಬದಲಾಗದು. ಬೆರಕೆ ಅಡಗಿರುವುದು ಬೀಜದೊಳಗಿನ ಭ್ರೂಣದಲ್ಲಿ. ಆ ಬೀಜ ಬಿತ್ತಿದ ಮುಂದಿನ ವರ್ಷ ಅದು ಬಯಲಾಗುತ್ತದೆ. ಮೆಕ್ಕೆಜೋಳದಲ್ಲಿ ಮಾತ್ರ ನಾವು ತಿನ್ನುವುದೇ ಬೀಜವಾದ್ದರಿಂದ, ಬಿಳಿ ಮೆಕ್ಕೆಜೋಳದ ತೆನೆಗೆ ಹಳದಿ ತಳಿಯ ಪರಾಗ ಬಿದ್ದರೆ ಅದೇ ವರ್ಷ ಹಳದಿ ಕಾಳು ಕಾಣಿಸಿಕೊಳ್ಳುತ್ತದೆ.

ಅಂಗಡಿಯ ಪೊಟ್ಟಣದ ಮೇಲೆ ಎಫ್1 (ಎರಡು ತಳಿ ಕೂಡಿಸಿದ ಮೊದಲ ಪೀಳಿಗೆಯ ಹೈಬ್ರಿಡ್) ಎಂದಿದ್ದರೆ ಅದರಿಂದ ಬೀಜ ಉಳಿಸುವ ಶ್ರಮ ಬೇಡ. ಮರುವರ್ಷ ಬಳ್ಳಿಗೊಂದು ಬಗೆಯ ಕಾಯಿ ಬರುತ್ತದೆ. ನಾಟಿ ತಳಿಯನ್ನೋ, ಅರ್ಕಾ ಚಂದನದಂಥ ಬಿಡುಗಡೆಯಾದ ಸ್ಥಿರ ತಳಿಯನ್ನೋ ಆರಿಸಿಕೊಳ್ಳಿ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಸೋರೆ, ಸೌತೆ, ಕುಂಬಳದಲ್ಲಿ ಯಾವ ಕಾಯಿಯಾದರೂ ಕಹಿಯಾಗಿದ್ದರೆ ಅದನ್ನು ತಿನ್ನಲೂಬೇಡಿ, ಅದರ ಬೀಜ ಇಡಲೂಬೇಡಿ. ಆ ಕಹಿ ವಿಷ, ಬೇಯಿಸಿದರೂ ಹೋಗುವುದಿಲ್ಲ, ಮತ್ತು ಅದು ಬೀಜದ ಮೂಲಕ ಮುಂದುವರಿಯುತ್ತದೆ. ಬೀಜದ ಕಾಯಿ ಹೆಚ್ಚಿದಾಗ ತಿರುಳಿನ ಚೂರೊಂದನ್ನು ನಾಲಗೆಗೆ ಮುಟ್ಟಿಸಿ ನೋಡಿ, ಕಹಿಯಿದ್ದರೆ ಉಗುಳಿ ಎಲ್ಲವನ್ನೂ ಗುಂಡಿಗೆ ಹಾಕಿ.

ಕಾಯಿಯಿಂದ ಡಬ್ಬಿಗೆ

ನೂಲು ಕಟ್ಟಿದ ಕಾಯಿಯನ್ನು ತೊಟ್ಟು ಒಣಗಿ ಬೆಂಡಿನಂತಾಗುವವರೆಗೆ ಬಳ್ಳಿಯಲ್ಲೇ ಬಿಡಿ. ಉಗುರು ಊರಿದರೆ ಸಿಪ್ಪೆಯಲ್ಲಿ ಗುರುತು ಬೀಳಬಾರದು. ಕೊಯ್ಯುವಾಗ ತೊಟ್ಟನ್ನು ನಾಲ್ಕು ಬೆರಳಿನಷ್ಟು ಉಳಿಸಿಕೊಳ್ಳಿ. ಕೊಯ್ದ ಕೂಡಲೇ ಹೆಚ್ಚಬೇಡಿ, ಮೂರು ನಾಲ್ಕು ವಾರ ಅಟ್ಟದ ಮೇಲೋ ಮಂಚದ ಕೆಳಗೋ ಇಡಿ. ಆ ಅವಧಿಯಲ್ಲೂ ಒಳಗೆ ಬೀಜ ಬಲಿಯುತ್ತಲೇ ಇರುತ್ತದೆ.

ಆಮೇಲೆ ಹೆಚ್ಚಿ, ನಾರು ಬಿಡಿಸಿ, ನೀರಿನಲ್ಲಿ ಕಿವುಚಿ ತೊಳೆಯಿರಿ. ತೇಲುವವು ಬಹುತೇಕ ಜೊಳ್ಳು. ಮುಳುಗಿದವನ್ನು ಬಟ್ಟೆಯ ಮೇಲೆ ನೆರಳಿನಲ್ಲಿ ಒಂದೆರಡು ವಾರ ಒಣಗಿಸಿ, ದಿನವೂ ಕೈಯಾಡಿಸುತ್ತಿರಿ. ಉರಿಬಿಸಿಲು ಬೇಡ. ಬಗ್ಗಿಸಿದರೆ ಬಾಗದೆ ಪಟ್ಟೆಂದು ಮುರಿದರೆ ಒಣಗಿದೆ ಎಂದರ್ಥ. ನಮ್ಮ ಹಿರಿಯರು ಬೀಜವನ್ನು ಸಗಣಿಯಲ್ಲಿ ಕಲಸಿ ಅಡುಗೆಮನೆಯ ಗೋಡೆಗೆ ತಟ್ಟಿಡುತ್ತಿದ್ದರು. ಒಲೆಯ ಹೊಗೆ ಹುಳ ಹತ್ತದಂತೆ ಕಾಯುತ್ತಿತ್ತು. ಈಗ ಒಲೆಯೂ ಇಲ್ಲ, ಆ ಗೋಡೆಯೂ ಇಲ್ಲದವರು ಸೋಸಿದ ಒಣ ಬೂದಿಯೊಡನೆ ಗಾಜಿನ ಸೀಸೆಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಿಡಬಹುದು. ಸೀಸೆಯ ಮೇಲೆ ತಳಿಯ ಹೆಸರು, ಪರಾಗ ಹಚ್ಚಿದ ದಿನ, ಬೀಜ ತೆಗೆದ ದಿನ ಬರೆಯಿರಿ. ತಂಪಾದ, ಒಣ ಜಾಗದಲ್ಲಿಟ್ಟರೆ ಮೂರು ನಾಲ್ಕು ವರ್ಷ ಬಾಳುತ್ತದೆ.

ಬಿತ್ತುವ ಹದಿನೈದು ದಿನ ಮೊದಲು ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬೆಚ್ಚಗಿರುವ ಮೂಲೆಯಲ್ಲಿಟ್ಟು ವಾರದ ಬಳಿಕ ಎಣಿಸಿ. ಎಂಟಕ್ಕಿಂತ ಹೆಚ್ಚು ಮೊಳೆತಿದ್ದರೆ ಗುಣಿಗೆ ಎರಡು ಬೀಜ ಸಾಕು. ಐದರ ಆಸುಪಾಸಿನಲ್ಲಿದ್ದರೆ ನಾಲ್ಕು ಹಾಕಿ, ಮೊಳೆತ ಮೇಲೆ ಸೊರಗಿದವನ್ನು ಕಿತ್ತು ಗಟ್ಟಿಯಾದ ಒಂದೆರಡನ್ನು ಉಳಿಸಿಕೊಳ್ಳಿ.